ಬೇಲಿಯ ಹಣ್ಣಿನ ಕೇಕು

ಮೇ ತಿಂಗಳೆಂದರೆ ನಮ್ಮ ಕರಾವಳಿಯ ಕಥೊಲಿಕ ಮನೆಗಳಲ್ಲಿ ಮಾತೆ ಮರಿಯಳ ತಿಂಗಳು. ಸಂಜೆಯ ಜಪಸರ ಮುಗಿಯುವ ಹೊತ್ತಿಗೆ ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟತೊಡಗಿರುತ್ತದೆ. ಅಂಗಳದಲ್ಲಿ ಹಪ್ಪಳ ಒಣಗಿಸಿದವರು ಆಕಾಶ ನೋಡುತ್ತ ಅವಸರಪಡುತ್ತಾರೆ. ಮುರಕಲ್ಲಿನ ಪದವುಗಳ ಮೇಲೆ, ಬೇರೆ ಗಿಡಗಳೆಲ್ಲ ಬಿಸಿಲಿಗೆ ಸೊರಗಿ ನಿಂತಿರುವಾಗ, ಮುಳ್ಳಿನ ಕರಂಡೆ ಪೊದೆಗಳಲ್ಲಿ ಹಣ್ಣು ಕಪ್ಪಾಗುವುದೂ ಇದೇ ದಿನಗಳಲ್ಲಿ.

ತಿಂಗಳ ಕೊನೆಯ ದಿನ, ಮೇ 31ರಂದು, ಧರ್ಮಸಭೆಯು ಮರಿಯಮಾತೆಯ ಸಂದರ್ಶನದ ಹಬ್ಬವನ್ನು ಆಚರಿಸುತ್ತದೆ. ಕನ್ಯೆ ಮರಿಯಳು ಬೆಟ್ಟದ ನಾಡಿಗೆ ಅವಸರದಿಂದ ಹೊರಟು, ವಯಸ್ಸಾದ ಮೇಲೆ ಬಸುರಾದ ತನ್ನ ಬಂಧು ಎಲಿಜಬೇತಳ ಮನೆಯನ್ನು ಹೊಕ್ಕ ಪ್ರಸಂಗವು ಲೂಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿದೆ. ಹಿಂದೆ ಈ ಹಬ್ಬ ಜುಲೈ 2ರಂದು ಬರುತ್ತಿತ್ತು. 1969ರಲ್ಲಿ ಪೂಜಾವಿಧಿಯ ಪಂಚಾಂಗವನ್ನು ಪರಿಷ್ಕರಿಸಿದಾಗ ಅದು ಮೇ 31ಕ್ಕೆ ಬಂದಿತು. ರೋಮಾಪುರಿಯಲ್ಲಿ ಈ ನಿರ್ಧಾರ ಕೈಗೊಂಡವರಿಗೆ ನಮ್ಮ ಕರಂಡೆಯ ವಿಚಾರ ತಿಳಿದಿರಲಾರದು. ಆದರೂ ಹಬ್ಬ ಜುಲೈಯಲ್ಲೇ ಉಳಿದಿದ್ದರೆ, ಮಳೆಗೆ ಹಣ್ಣೆಲ್ಲ ಉದುರಿ, ನಮ್ಮ ದೊಡ್ಡಮ್ಮನ ಕೇಕು ಹುಟ್ಟಿಕೊಳ್ಳುತ್ತಲೇ ಇರಲಿಲ್ಲ.

ಕೇಕು ಎಂದೊಡನೆ ನಮ್ಮವರ ಮನಸ್ಸು ಕ್ರಿಸ್ತಜಯಂತಿಯ ಕಡೆಗೆ ಓಡುವುದು ಸಹಜ. ಕುಸ್ವಾರಿನ ತಟ್ಟೆಯಲ್ಲಿ ಕಿಡಿಯೊ, ನೆವ್ರಿ, ಕುಕ್ಕಿಸ್, ಕಲ್ಕಲ್‌ಗಳ ನಡುವೆ ಒಂದು ಕರಿಯ ತುಂಡು ಪ್ಲಮ್ ಕೇಕು ಇರದಿದ್ದರೆ ಹಬ್ಬಕ್ಕೆ ಕಳೆ ಬಾರದು. ವಿನೋದವೆಂದರೆ, ಪ್ಲಮ್ ಕೇಕಿನಲ್ಲಿ ಪ್ಲಮ್ ಹಣ್ಣು ಇರುವುದೇ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಗೂ ಪ್ಲಮ್ ಎನ್ನುತ್ತಿದ್ದುದರಿಂದ ಆ ಹೆಸರು ಉಳಿದುಬಂತು. ನಮ್ಮ ನೆರೆಯ ತಲಶ್ಶೇರಿಯಲ್ಲಿ 1883ರ ಕ್ರಿಸ್ಮಸ್ಸಿಗೆ ಮಾಂಬಳ್ಳಿ ಬಾಪು ಎಂಬ ಬೇಕರಿಯವರು, ಬ್ರೌನ್ ಎಂಬ ಇಂಗ್ಲಿಷ್ ತೋಟದ ಮಾಲಿಕರ ಕೋರಿಕೆಯಂತೆ, ವಿಲಾಯತಿಯಿಂದ ಬಂದ ಕೇಕೊಂದರ ರುಚಿ ನೋಡಿ ಅಂಥದನ್ನೇ ಇಲ್ಲಿಯ ಸಾಮಗ್ರಿಯಿಂದ ಮಾಡಿಕೊಟ್ಟರೆಂಬ ಕಥೆ ಪ್ರಸಿದ್ಧವಾಗಿದೆ. ಬ್ರಾಂದಿಯ ಬದಲಿಗೆ ಅವರು ಗೇರುಹಣ್ಣಿನಿಂದ ಇಳಿಸಿದ ನಾಡಮದ್ಯವನ್ನು ಬೆರೆಸಿದರಂತೆ. ಇದ್ದುದರಲ್ಲೇ ಹಬ್ಬ ಮಾಡುವ ಈ ಜಾಣತನ ನಮ್ಮ ತಾಯಂದಿರಲ್ಲೂ ಧಾರಾಳವಾಗಿತ್ತು.

ಈಗ ಇನ್ನೊಂದು ಗುಟ್ಟನ್ನು ಹೇಳಬೇಕು. ಬೇಕರಿಯ ಕೇಕಿನ ನೆತ್ತಿಯ ಮೇಲೆ ಮಾಣಿಕ್ಯದಂತೆ ಹೊಳೆಯುವ ಕೆಂಪು 'ಚೆರ್ರಿ' ಇದೆಯಲ್ಲ, ಮಕ್ಕಳು ಜಗಳವಾಡಿ ಮೊದಲು ಕಿತ್ತು ತಿನ್ನುವಂಥದ್ದು, ಅದು ನಮ್ಮ ದೇಶದಲ್ಲಿ ಬಹುಮಟ್ಟಿಗೆ ಚೆರ್ರಿಯಲ್ಲ, ಕರಂಡೆ. ಬಲಿತ ಕಾಯಿಯನ್ನು ಉಪ್ಪುನೀರಿನಲ್ಲಿ ಹಾಕಿಟ್ಟು, ಬೀಜ ತೆಗೆದು, ಬೇಯಿಸಿ, ಕೆಂಪು ಬಣ್ಣ ಕೊಟ್ಟು, ದಿನದಿನಕ್ಕೂ ಗಟ್ಟಿಯಾಗುವ ಸಕ್ಕರೆ ಪಾಕದಲ್ಲಿ ಮುಳುಗಿಸಿ ಅದನ್ನು ತಯಾರಿಸುತ್ತಾರೆ. ಜೊತೆಗಿರುವ ಹಸಿರು, ಹಳದಿ, ಕೆಂಪು ಟೂಟಿಫ್ರೂಟಿಯ ಚೂರುಗಳು ಪಪ್ಪಾಯಿ ಕಾಯಿಯವು. ಹಿತ್ತಿಲಲ್ಲಿ ಉದುರಿ ಹೋಗುವ ವಸ್ತುಗಳೇ ಬಣ್ಣ ಬಳಿದುಕೊಂಡು, ಪರದೇಶದ ಹೆಸರಿಟ್ಟುಕೊಂಡು, ಪೊಟ್ಟಣದಲ್ಲಿ ನಮ್ಮ ಮನೆಗೆ ಮರಳುತ್ತವೆ. ನಾವು ಹಣ ಕೊಟ್ಟು ಸ್ವಾಗತಿಸುತ್ತೇವೆ.

ದೊಡ್ಡಮ್ಮನ ಕೇಕಿಗೆ ಈ ವೇಷಭೂಷಣವೊಂದೂ ಇರಲಿಲ್ಲ. ಅವರು ನಮ್ಮ ತಾಯಿಯ ಹಿರಿಯಕ್ಕ. ಬೆಳ್ತಂಗಡಿಯ ಕಡೆಯ ಒಂದು ಪದವಿನ ಅಂಚಿನಲ್ಲಿ ಮನೆ. ದೊಡ್ಡಪ್ಪ ತೀರಿಕೊಂಡ ಬಳಿಕ ಒಬ್ಬರೇ ಇದ್ದಾರೆ; ಮಕ್ಕಳು ಗಲ್ಫಿನಲ್ಲಿ. ಮನೆಯ ಪಕ್ಕದಲ್ಲಿ, ಅವರ ಜಾಗಕ್ಕೂ ದೊಡ್ಡಪ್ಪನ ತಮ್ಮನ ಜಾಗಕ್ಕೂ ನಡುವೆ, ಆಳೆತ್ತರದ ಕರಂಡೆಯ ಬೇಲಿಯಿತ್ತು. ದನ ನುಗ್ಗದಂತೆ ತಡೆಯಲು ಅದಕ್ಕಿಂತ ಒಳ್ಳೆಯ ಗಿಡವಿಲ್ಲ. ಜೋಡಿ ಜೋಡಿಯಾಗಿ ನೆಟ್ಟಗೆ ನಿಂತ ಮುಳ್ಳುಗಳು ಹುಡುಗರ ಅಂಗಿಯನ್ನೂ ಬಿಡುತ್ತಿರಲಿಲ್ಲ. ಬೇಲಿಯ ನಡುವೆ ಒಬ್ಬರು ನುಸುಳುವಷ್ಟು ಒಂದು ಕಂಡಿಯಿತ್ತು. ಆ ಕಂಡಿಯಲ್ಲಿ ಹುಳಿಮಜ್ಜಿಗೆ ಅತ್ತ ಹೋಗುತ್ತಿತ್ತು, ಮೀನಿನ ಸಾರು ಇತ್ತ ಬರುತ್ತಿತ್ತು. ಸಂದರ್ಶನದ ಹಬ್ಬದ ದಿನ ಬೆಳಗಿನ ಬಲಿಪೂಜೆ ಮುಗಿಸಿ ಬಂದೊಡನೆ ದೊಡ್ಡಮ್ಮ ಕೇಕಿನ ಅರ್ಧವನ್ನು ಬಾಳೆಲೆಯಲ್ಲಿ ಸುತ್ತಿ ಅದೇ ಕಂಡಿಯಿಂದ ಮೈದುನನ ಮನೆಗೆ ಕಳುಹಿಸುತ್ತಿದ್ದರು. ಅರ್ಧ ಏಕೆಂದರೆ, ಬೇಲಿಯ ಹಣ್ಣು ಅರ್ಧ ಅವರದು.

ಕರಂಡೆಯನ್ನು ಅರಿಯದ ಓದುಗರಿಗಾಗಿ ಎರಡು ಮಾತು. ಉತ್ತರ ಕರ್ನಾಟಕದವರು ಇದನ್ನು ಕವಳಿ ಹಣ್ಣು ಎನ್ನುತ್ತಾರೆ. ಕಣಗಿಲೆಯ ವಂಶಕ್ಕೆ ಸೇರಿದ ಗಿಡವಾದುದರಿಂದ ಚಿವುಟಿದಲ್ಲೆಲ್ಲ ಬಿಳಿಯ ಸೊನೆ ಬರುತ್ತದೆ. ಆದರೆ ಕಣಗಿಲೆಯ ವಿಷ ಇದರ ಹಣ್ಣಿಗಿಲ್ಲ. ಎಳೆಯ ಕಾಯಿ ಉಪ್ಪಿನಕಾಯಿಗೆ. ಹಣ್ಣಾದಾಗ ಕಡುನೇರಳೆ ಬಣ್ಣ, ಹುಳಿ ಬೆರೆತ ಸಿಹಿ. ಇಂಗ್ಲಿಷಿನವರು ಬೆರಿ ಎಂದು ಕರೆಯುವ ಎಲ್ಲವನ್ನೂ ಸಸ್ಯಶಾಸ್ತ್ರಜ್ಞರು ಬೆರಿ ಎಂದು ಒಪ್ಪುವುದಿಲ್ಲ. ಮಹಾಬಲೇಶ್ವರದಿಂದ ಬರುವ ಸ್ಟ್ರಾಬೆರಿಯನ್ನು ಅವರು ಆ ಸಾಲಿಗೆ ಸೇರಿಸರು, ದ್ರಾಕ್ಷಿಯನ್ನೂ ಬಾಳೆಹಣ್ಣನ್ನೂ ಸೇರಿಸುತ್ತಾರೆ. ನಮ್ಮ ಕರಂಡೆ ಅವರ ಲೆಕ್ಕದಲ್ಲೂ ಬೆರಿಯೇ.

ಹಣ್ಣನ್ನು ಪೂರ್ತಿ ಕಪ್ಪಾದ ಮೇಲೆಯೇ ಕೀಳಬೇಕು. ಕೀಳುವ ಮುನ್ನ ಬೆರಳಿಗೆ ತೆಂಗಿನೆಣ್ಣೆ ಸವರಿಕೊಂಡರೆ ಸೊನೆ ಅಂಟದು. ಒಂದು ಕೇಕಿಗೆ ಕಾಲು ಕಿಲೋ ಹಣ್ಣು ಸಾಕು. ಎರಡು ಮೂರು ನೀರಿನಲ್ಲಿ ತೊಳೆದು, ಸೀಳಿ ಬೀಜ ತೆಗೆದು, ಸುಮಾರು 75 ಗ್ರಾಂ ಸಕ್ಕರೆಯೊಡನೆ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಿಸಿ ಇಳಿಸಬೇಕು. ಹಣ್ಣು ಮೆತ್ತಗಾಗಬೇಕು, ಕರಗಿ ಜಾಮ್ ಆಗಬಾರದು. ಆರಿದ ಮೇಲೆ ರಸವನ್ನು ಬಸಿದು ಬೇರೆ ಇಡಬೇಕು. ಬೀಜ ತೆಗೆಯುವುದೇ ಇದರಲ್ಲಿ ಬೇಸರದ ಕೆಲಸ. ದೊಡ್ಡಮ್ಮನ ಮನೆಯಲ್ಲಿ ಅದನ್ನು ಮಕ್ಕಳಿಗೆ ಒಪ್ಪಿಸಿ, ಜಪಸರದ ಒಂದೊಂದು ರಹಸ್ಯ ಮುಗಿಯುವುದರೊಳಗೆ ಹತ್ತು ಹಣ್ಣು ಮುಗಿಯಬೇಕೆಂದು ಕಟ್ಟಪ್ಪಣೆ ಮಾಡುತ್ತಿದ್ದರು. ನಮ್ಮ ಭಕ್ತಿ ಎಷ್ಟಿತ್ತೋ ದೇವರೇ ಬಲ್ಲ, ನಾಲಗೆಯಂತೂ ನೇರಳೆಯಾಗಿರುತ್ತಿತ್ತು.

ಹಿಟ್ಟಿನ ಅಳತೆ ಸರಳ. ಮೈದಾ 200 ಗ್ರಾಂ, ಸಕ್ಕರೆ 150 ಗ್ರಾಂ, ಬೆಣ್ಣೆ 125 ಗ್ರಾಂ, ಮೊಟ್ಟೆ ಮೂರು, ಒಂದೂವರೆ ಚಹಾಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಮೂರು ನಾಲ್ಕು ದೊಡ್ಡ ಚಮಚ ಹಾಲು. ಪರಿಮಳಕ್ಕೆ ಚೂರು ಜಾಯಿಕಾಯಿಯ ಪುಡಿ ಸಾಕು. ಏಲಕ್ಕಿ ಹಾಕುವವರಿದ್ದಾರೆ, ಅದು ಕರಂಡೆಯ ವಾಸನೆಯನ್ನು ನುಂಗಿಬಿಡುತ್ತದೆಂಬುದು ನಮ್ಮ ಅಭಿಪ್ರಾಯ. ಬೆಣ್ಣೆ ಸಕ್ಕರೆಗಳನ್ನು ಬಿಳುಪು ಬಂದು ಹಗುರಾಗುವವರೆಗೆ ಮರದ ಸೌಟಿನಿಂದ ಚೆನ್ನಾಗಿ ಕಡೆಯಬೇಕು. ಕೇಕು ಉಬ್ಬುವುದಕ್ಕೆ ಬೇಕಾದ ಗಾಳಿಯ ಬಹುಪಾಲು ಸೇರುವುದು ಇಲ್ಲಿಯೇ, ಆದುದರಿಂದ ಇಲ್ಲಿ ಸೋಮಾರಿತನ ಸಲ್ಲದು. ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಿ ಕಡೆದು, ಬೇಕಿಂಗ್ ಪೌಡರ್ ಬೆರೆಸಿ ಜರಡಿ ಹಿಡಿದ ಮೈದಾವನ್ನು ಹಾಲಿನೊಡನೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಮೈದಾ ಬಿದ್ದ ಮೇಲೆ ಹೆಚ್ಚು ತಿರುವಿದರೆ ಕೇಕು ರಬ್ಬರಿನಂತಾಗುತ್ತದೆ. ಹಿಟ್ಟು ಸೌಟಿನಿಂದ ಮೆಲ್ಲನೆ ಜಾರಿ ಬೀಳುವಷ್ಟು ಗಟ್ಟಿಯಿರಲಿ. ನೀರಾದರೆ ಹಣ್ಣುಗಳೆಲ್ಲ ತಳ ಸೇರುತ್ತವೆ. ಅರ್ಧ ಹಣ್ಣನ್ನು ಒಂದು ಚಮಚ ಮೈದಾದಲ್ಲಿ ಹೊರಳಿಸಿ ಹಿಟ್ಟಿಗೆ ಬೆರೆಸಬೇಕು, ಉಳಿದರ್ಧವನ್ನು ಮೇಲೆ ಹರಡಬೇಕು.

ಸೋಡಾದ ವಿಷಯದಲ್ಲಿ ಒಂದು ಎಚ್ಚರಿಕೆ. ಕೇಕು ಇನ್ನಷ್ಟು ಉಬ್ಬಲೆಂದು ನಾವೊಮ್ಮೆ ಅಡುಗೆ ಸೋಡಾವನ್ನೂ ಸೇರಿಸಿದೆವು. ಬೆಂದ ಕೇಕನ್ನು ಕತ್ತರಿಸಿದರೆ ಪ್ರತಿಯೊಂದು ಹಣ್ಣಿನ ಸುತ್ತಲೂ ಹಸಿರುನೀಲಿಯ ಉಂಗುರ! ಕೆಟ್ಟುಹೋಯಿತೆಂದು ಗಾಬರಿಯಾಗಿ ಅದನ್ನು ಕೋಳಿಗಳಿಗೆ ಹಾಕಿದೆವು. ಬಳಿಕ ತಿಳಿಯಿತು, ಅದು ಕೆಟ್ಟಿರಲಿಲ್ಲ. ಇಂಥ ನೇರಳೆ ಹಣ್ಣುಗಳ ಬಣ್ಣ ಹುಳಿಯ ಜೊತೆ ಕೆಂಪಾಗಿಯೂ ಸೋಡಾದಂಥ ಕ್ಷಾರದ ಜೊತೆ ನೀಲಿ ಹಸಿರಾಗಿಯೂ ತಿರುಗುವುದು ಅದರ ಸ್ವಭಾವ.

ಓವನ್ ಉಳ್ಳವರು 175 ಡಿಗ್ರಿಯಲ್ಲಿ 45ರಿಂದ 50 ನಿಮಿಷ ಬೇಯಿಸಿದರಾಯಿತು. ಇಲ್ಲದವರು ಚಿಂತಿಸಬೇಕಿಲ್ಲ. ಅಗಲವಾದ ದಪ್ಪತಳದ ಪಾತ್ರೆಯಲ್ಲಿ ಎರಡು ಬೆರಳು ಎತ್ತರಕ್ಕೆ ಮರಳು ಹರಡಿ, ಮೇಲೊಂದು ಸಿಂಬಿಯನ್ನೋ ತಟ್ಟೆಯನ್ನೋ ಇರಿಸಿ, ಮುಚ್ಚಳ ಹಾಕಿ ಹತ್ತು ನಿಮಿಷ ಕಾಯಿಸಿ, ಅದರೊಳಗೆ ಕೇಕಿನ ಪಾತ್ರೆಯನ್ನಿಟ್ಟು ಸಣ್ಣ ಉರಿಯಲ್ಲಿ ಒಂದು ಗಂಟೆ ಬಿಡಬೇಕು. ದೊಡ್ಡಮ್ಮ ಮಾಡುತ್ತಿದ್ದುದು ಹೀಗೆಯೇ, ಸೌದೆಯ ಒಲೆಯ ಮೇಲೆ. ಮುಚ್ಚಳದ ಮೇಲೂ ತೆಂಗಿನ ಗೆರಟೆಯ ಕೆಂಡ ಹರಡುತ್ತಿದ್ದರು. ಕೆಳಗಿನ ಬೆಂಕಿ ಕೇಕನ್ನು ಬೇಯಿಸಿದರೆ ಮೇಲಿನ ಕೆಂಡ ಅದಕ್ಕೆ ಬಣ್ಣ ಕೊಡುತ್ತದೆ. ಪಾತ್ರೆಯ ತಳಕ್ಕೆ ಬೆಣ್ಣೆ ಸವರಿದ ಬಾಳೆಲೆ. ಬೆಂದಿತೋ ಇಲ್ಲವೋ ನೋಡಲು ತೆಂಗಿನ ಗರಿಯ ಕಡ್ಡಿಯನ್ನು ನಡುವೆ ಚುಚ್ಚಿ ತೆಗೆಯಬೇಕು. ಹಸಿಹಿಟ್ಟು ಅಂಟದೆ ಬಂದರೆ ಇಳಿಸಬಹುದು. ಬಿಸಿಯಿರುವಾಗಲೇ ಬಸಿದಿಟ್ಟ ರಸವನ್ನು ಮೇಲೆ ಹನಿಸಬೇಕು. ಮೊಟ್ಟೆ ತಿನ್ನದ ನೆರೆಹೊರೆಯವರಿಗಾಗಿ ಮುಕ್ಕಾಲು ಲೋಟ ಮೊಸರು ಹಾಕಿಯೂ ಮಾಡಬಹುದು. ಹಬೆಯಾಡಿದಂತೆ ಸ್ವಲ್ಪ ಒದ್ದೆಯಾಗಿರುತ್ತದೆ, ರುಚಿಗೇನೂ ಮೋಸವಿಲ್ಲ.

ಈ ಕೇಕಿಗೆ ಒಂದು ದೋಷವಿದೆ. ತಿಂಗಳುಗಟ್ಟಲೆ ರಮ್ಮಿನಲ್ಲಿ ನೆನೆದ ಹಣ್ಣಿನ ಕ್ರಿಸ್ಮಸ್ ಕೇಕಿನಂತೆ ಇದನ್ನು ಡಬ್ಬಿಯಲ್ಲಿಟ್ಟು ಹೊಸವರ್ಷದವರೆಗೆ ತಿನ್ನಲಾಗದು. ಹಸಿಹಣ್ಣಿನ ನೀರು, ಮಳೆಗಾಲದ ಮುನ್ನಿನ ತೇವ ಎರಡೂ ಸೇರಿ ಮೂರನೆಯ ದಿನ ಬೂಸಲು ಹಿಡಿಯುತ್ತದೆ. ಒಂಟಿ ಮುದುಕಿಯೊಬ್ಬಳು ಇಡೀ ಕೇಕನ್ನು ಎರಡು ದಿನದಲ್ಲಿ ತಿನ್ನಲಾರಳು.

ಪವಿತ್ರ ಗ್ರಂಥದಲ್ಲಿಯೂ ಇಂಥ ಸರಳ ಪಾಕಗಳು ಬರುತ್ತವೆ. ಮಂಜೂಷವನ್ನು ಜೆರುಸಲೇಮಿಗೆ ತಂದ ದಿನ ದಾವೀದನು ನೆರೆದ ಜನರಿಗೆ, ಗಂಡಸರು ಹೆಂಗಸರೆನ್ನದೆ ಒಬ್ಬೊಬ್ಬರಿಗೂ, ರೊಟ್ಟಿಯ ಜೊತೆಗೆ ಒಣದ್ರಾಕ್ಷಿಯ ಕೇಕನ್ನೂ ಹಂಚಿದನೆಂದು ಸಮುವೇಲನ ಎರಡನೆಯ ಗ್ರಂಥದ ಆರನೆಯ ಅಧ್ಯಾಯದಲ್ಲಿದೆ. ಸರೆಪ್ತದ ವಿಧವೆಯ ಬಳಿ ಇದ್ದುದು ಒಂದು ಹಿಡಿ ಹಿಟ್ಟು, ಸ್ವಲ್ಪ ಎಣ್ಣೆ. ಅದರಲ್ಲೇ ಮೊದಲು ತನಗೊಂದು ಚಿಕ್ಕ ರೊಟ್ಟಿ ಮಾಡಿಕೊಡೆಂದು ಪ್ರವಾದಿ ಎಲೀಯನು ಕೇಳಿದನು. ಬರಗಾಲದಲ್ಲಿ ಹಾಗೆ ಕೇಳುವುದು ಸಣ್ಣ ಮಾತಲ್ಲ. ಕೊಡುವುದೂ ಅಲ್ಲ. ಕೇಳುವುದು ಕೊಡುವುದಕ್ಕಿಂತ ಕಷ್ಟವೆಂದು ನಮಗೆ ಮನದಟ್ಟಾದುದು ಕಳೆದ ಮೇ ತಿಂಗಳಲ್ಲಿ.

ದೊಡ್ಡಪ್ಪನ ನಿಧನದ ಬಳಿಕ ಜಾಗದ ಅಳತೆಯಾಯಿತು. ಬೇಲಿ ಇರುವುದು ಗಡಿಯಲ್ಲಲ್ಲ, ಎರಡೂವರೆ ಅಡಿ ಈಚೆಗೆ ಎಂದು ಒಂದು ಕಡೆಯವರು. ಅಲ್ಲ, ಆಚೆಗೆ ಎಂದು ಇನ್ನೊಂದು ಕಡೆಯವರು. ಯಾರದು ಸರಿಯೆಂದು ಇಲ್ಲಿ ಬರೆಯುವುದು ನಮಗೆ ಉಚಿತವಲ್ಲ. ಕೊನೆಗೆ ಒಂದೇ ದಿನದಲ್ಲಿ ಯಂತ್ರ ಬಂದು ಬೇಲಿಯನ್ನು ಬೇರುಸಹಿತ ಎತ್ತಿ ಹಾಕಿತು. ಮುರಕಲ್ಲಿನ ಗೋಡೆ ಎದ್ದಿತು, ಕಂಡಿ ಮುಚ್ಚಿತು. ಒಂದೇ ಧರ್ಮಕೇಂದ್ರದ ಎರಡು ಮನೆಗಳವರು ಇಗರ್ಜಿಯಲ್ಲಿ ಬೇರೆ ಬೇರೆ ಬಾಗಿಲಿನಿಂದ ಹೊರಬರತೊಡಗಿದರು. ದೊಡ್ಡಮ್ಮ ಕೆಲವು ವರ್ಷ ಪದವಿನ ಕಾಡುಹಣ್ಣು ತರಿಸಿ ಕೇಕು ಮಾಡಿದರು. ಪದವಿನಲ್ಲಿ ಕಲ್ಲಿನ ಕೋರೆ ಬಂದ ಮೇಲೆ ಅದೂ ನಿಂತಿತು. ಅಷ್ಟರಲ್ಲಿ ಅವರ ಕಣ್ಣೂ ಮಂಜಾಗಿತ್ತು.

ಕಳೆದ ವರ್ಷ ಹಬ್ಬಕ್ಕೆ ನಾವೇ ಕೇಕು ಮಾಡಿ ಅವರಿಗೆ ಒಯ್ಯೋಣವೆಂದು ಮಕ್ಕಳು ಹಟ ಹಿಡಿದರು. ಪೇಟೆಯಲ್ಲಿ ಹಣ್ಣು ಹುಡುಕಿದೆವು, ಸಿಗಲಿಲ್ಲ. ಡಬ್ಬಿಯ ಕೆಂಪು ಚೆರ್ರಿ ಬೇಕಾದಷ್ಟಿತ್ತು. ಅದೂ ಕರಂಡೆಯೇ ತಾನೇ ಎಂದು ಕೊಳ್ಳಲು ಕೈಚಾಚಿದವರು ಹಿಂದೆಗೆದೆವು. ಆಗ ನೆನಪಾಯಿತು: ಯಂತ್ರಕ್ಕೆ ಸಿಗದೆ ಉಳಿದ ಒಂದೇ ಒಂದು ಪೊದೆ ಚಿಕ್ಕಪ್ಪನ ಬಾವಿಯ ಮಗ್ಗುಲಲ್ಲಿದೆ.

ಹೋಗುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆವು. ದೊಡ್ಡಮ್ಮನಿಗೆ ತಿಳಿದರೆ ಏನೆಂದುಕೊಂಡಾರು? ಆ ಮನೆಯವರು ಬಾಗಿಲಲ್ಲೇ ನಿಲ್ಲಿಸಿದರೆ? ಮೇ 30ರ ಬೆಳಿಗ್ಗೆ ಹೋದೆವು. ಚಿಕ್ಕಪ್ಪ ಮನೆಯಲ್ಲಿರಲಿಲ್ಲ. ಚಿಕ್ಕಮ್ಮ ಹೊರಬಂದು, ನಮ್ಮ ಕೈಯ ಬರಿಯ ಚೀಲವನ್ನು ನೋಡಿ, "ಹಣ್ಣಿಗೆ ಬಂದದ್ದಾ?" ಎಂದರು. ಹೌದೆಂದೆವು. ಮತ್ತೇನನ್ನೂ ಕೇಳದೆ ಕೋಲು ತಂದು ಮುಳ್ಳಿನ ರೆಂಬೆಗಳನ್ನು ಒತ್ತಿ ಹಿಡಿದು ನಿಂತರು, ನಾವು ಕಿತ್ತೆವು. ಚೀಲದಲ್ಲಿ ಹಾಕಿದರೆ ಹಣ್ಣು ಜಜ್ಜಿಹೋಗುತ್ತದೆಂದು ಒಳಗಿನಿಂದ ಒಂದು ಸ್ಟೀಲಿನ ಡಬರಿ ತಂದುಕೊಟ್ಟರು. ಹೊರಡುವಾಗ, "ಅಕ್ಕನ ಸಕ್ಕರೆ ಕಾಯಿಲೆ ಹೇಗುಂಟು?" ಎಂದು ಮಾತ್ರ ಕೇಳಿದರು.

ಮರುದಿನ ಬಲಿಪೂಜೆಯ ಬಳಿಕ ದೊಡ್ಡಮ್ಮನ ಮುಂದೆ ಕೇಕನ್ನಿಟ್ಟೆವು. ನಮ್ಮ ಮಗಳು ಮಾಡಿದ್ದು. ಒಂದು ಬದಿ ತುಸು ಕರಿದಿತ್ತು, ನಡು ಸ್ವಲ್ಪ ಕುಗ್ಗಿತ್ತು. ಅವರು ಬೆರಳಿನಿಂದಲೇ ಅಂಚನ್ನು ತಡವಿ, ಮೂಗಿನ ಬಳಿ ಹಿಡಿದು, ಚಿಕ್ಕದೊಂದು ತುಂಡು ಬಾಯಿಗೆ ಹಾಕಿಕೊಂಡರು.

"ಇದು ಪದವಿನ ಹಣ್ಣಲ್ಲ. ಪದವಿನದಕ್ಕೆ ಇಷ್ಟು ತಿರುಳಿಲ್ಲ. ಎಲ್ಲಿಯದು?"

ಸುಳ್ಳು ಹೇಳುವುದಕ್ಕೆ ಹಬ್ಬದ ದಿನ ಮನಸ್ಸು ಬರಲಿಲ್ಲ. ಇದ್ದುದನ್ನು ಇದ್ದ ಹಾಗೆ ಹೇಳಿದೆವು. ಬಹಳ ಹೊತ್ತು ಅವರು ಮಾತನಾಡಲಿಲ್ಲ. ಗೋಡೆಯ ಮೇಲಿನ ಗಡಿಯಾರದ ಸದ್ದು ಕೇಳುತ್ತಿತ್ತು. ನಾವು ತಪ್ಪು ಮಾಡಿದೆವೇನೋ ಎಂದು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಮೇಜಿನ ತುದಿಯಲ್ಲಿ ತೊಳೆದಿಟ್ಟ ಡಬರಿಯಿತ್ತು. ಅವರ ಕೈ ಅದನ್ನು ತಡವಿತು. ಅಂಚಿನಲ್ಲಿ ಕೊರೆದ ಹೆಸರಿನ ಅಕ್ಷರಗಳನ್ನು ಬೆರಳು ಗುರುತಿಸಿತು.

"ಡಬರಿ ಅವರದ್ದಲ್ಲವಾ?" ಎಂದರು. "ಖಾಲಿ ಕೊಡಬೇಡಿ ಮಕ್ಕಳೇ. ನಮ್ಮಲ್ಲಿ ಆ ಕ್ರಮವಿಲ್ಲ."

ಎಷ್ಟು ಹಾಕಬೇಕೆಂದು ಕೇಳಿದೆವು.

"ಎಷ್ಟು ಅಂದರೆ? ಅರ್ಧ."

ಕಂಡಿ ಇಲ್ಲದ್ದರಿಂದ ಗೋಡೆಯನ್ನು ಬಳಸಿ, ರಸ್ತೆಗಿಳಿದು, ಸುತ್ತು ಹಾಕಿಕೊಂಡು ಹೋಗಬೇಕಾಯಿತು. ಮೋಡ ಕವಿದಿತ್ತು, ದಾರಿಯಲ್ಲಿ ನಾಲ್ಕು ದಪ್ಪ ಹನಿಗಳೂ ಬಿದ್ದವು. ಚಿಕ್ಕಪ್ಪ ಜಗಲಿಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದರು. ಡಬರಿಯ ಮೇಲಿನ ಬಾಳೆಲೆಯನ್ನು ಸರಿಸಿ ನೋಡಿದರು. ಯಾರು ಕಳುಹಿಸಿದರೆಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಒಂದು ತುಂಡು ತಿಂದರು, ಕನ್ನಡಕ ತೆಗೆದು ಪತ್ರಿಕೆಯ ಮೇಲಿಟ್ಟು ಇನ್ನೊಂದನ್ನೂ ತಿಂದರು.

"ಕರಿದಿದೆ," ಎಂದರು. "ಅತ್ತಿಗೆ ಮೇಲಿನ ಕೆಂಡವನ್ನು ಬೇಗ ತೆಗೆಯುತ್ತಿದ್ದರು. ನೀವು ಅದನ್ನು ಕೇಳಿ ಕಲಿಯಬೇಕಿತ್ತು."